ಊರಿಗೆಲ್ಲ ಒಂದೇ ಪ್ರಶ್ನೆ

ನಮ್ಮ ಸೋದರಮಾವನನ್ನು ನೀವು ಎಲ್ಲಿಯಾದರೂ ಕಂಡರೆ, ದಯವಿಟ್ಟು “ಟೈಮ್ ಎಷ್ಟಾಯ್ತು?” ಅಂತ ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ಹೋದ ಹಾಗೆಯೇ! ಗಡಿಯಾರ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, “ಟೈಮ್ ತಗೊಂಡು ಏನ್ ಮಾಡ್ತೀರಿ?” ಅಂತ ತಿರುಗಿ ಕೇಳುತ್ತಾನೆ. ಮನೆಗೆ ಹೋಗಬೇಕು ಅಂದರೆ, ಹೋಗಿ? ಅನ್ನುತ್ತಾನೆ. ಉಣ್ಣಬೇಕು ಅಂದರೆ, ಉಂಡು? ಮಲಗಬೇಕು ಅಂದರೆ, ಮಲಗಿ ಎದ್ದು? ನೀವು ಪಾಪ ಮರ್ಯಾದಸ್ಥರು, ಒಂದೊಂದಕ್ಕೂ ಉತ್ತರ ಕೊಡುತ್ತಾ ಹೋಗುತ್ತೀರಿ. ಅಷ್ಟರಲ್ಲಿ ಅವನ ಮೂಲ ಪ್ರಶ್ನೆ ಬಂದು ನಿಮ್ಮೆದುರು ಕಾಲು ಚಾಚಿ ಕೂತುಬಿಡುತ್ತದೆ: “ಅಲ್ರೀ, ಒಟ್ಟ ನೀವು ಯಾತರ ಸಲುವಾಗಿ ಬದುಕಾಕತ್ತೀರಿ?”

ಇಂಥ ಮನುಷ್ಯನಿಗೆ ಸರ್ಕಾರ ಹುಡುಕಿ ಹುಡುಕಿ ಕೊಟ್ಟ ಕೆಲಸ ಯಾವುದು ಗೊತ್ತೇ? ಬಸ್ ನಿಲ್ದಾಣದಲ್ಲಿ ಕೂತು ಟೈಮ್ ಹೇಳುವುದು! ಹೌದು, ನಮ್ಮ ಮಾವ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿದ್ದ. ಯಾವ ಊರಿನ ನಿಲ್ದಾಣ ಅಂತ ಹೇಳುವುದಿಲ್ಲ. ಅಲ್ಲಿ ಬಸ್ಸು ತಪ್ಪಿಸಿಕೊಂಡವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಬೇರೆ ಕಂಟ್ರೋಲರುಗಳು ಊರ ಹೆಸರು ಕೂಗಿ, ಬಸ್ಸು ಎಲ್ಲಿ ನಿಂತಿದೆ ಅಂತ ಹೇಳಿ ಮೈಕು ಆರಿಸುತ್ತಿದ್ದರು. ನಮ್ಮ ಮಾವನ ಕೈಗೆ ಮೈಕು ಸಿಕ್ಕರೆ ಅವನು ಅಷ್ಟಕ್ಕೇ ಬಿಡುವ ಪೈಕಿಯೇ? “ರಾಯಚೂರಿಗಿ ಹೋಗೋ ಬಸ್ಸು ಬಂದು ನಿಂತದ. ಹತ್ತೋ ಮಂದಿ ಹತ್ರಿ. ಆದ್ರ ಹತ್ತೂಕಿಂತ ಮೊದಲ, ನಾವು ಯಾತರ ಸಲುವಾಗಿ ಹೊಂಟೀವಿ ಅಂತ ಒಮ್ಮೆ ವಿಚಾರ ಮಾಡ್ರಿ.”

ಜನ ವಿಚಾರ ಮಾಡಿಬಿಟ್ಟರು, ಅದೇ ಆದದ್ದು ತೊಂದರೆ! ಕೋರ್ಟಿಗೆ ಹೊರಟಿದ್ದ ಒಬ್ಬಾತ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ವಿಚಾರ ಮಾಡಿದ; ವಕೀಲರಿಗೆ ಕೊಡಬೇಕಾದ ಕಾಗದವೆಲ್ಲ ಮನೆಯ ಗೂಟಕ್ಕೆ ನೇತು ಹಾಕಿದ ಚೀಲದಲ್ಲೇ ಉಳಿದದ್ದು ನೆನಪಾಗಿ ಹಿಂದಕ್ಕೆ ಓಡಿದ. ಮರುದಿನ ಅವನು ಬಾಳೆಹಣ್ಣು ಹಿಡಿದುಕೊಂಡು ಬಂದು ಮಾವನ ಕಾಲಿಗೆ ಬಿದ್ದನಂತೆ. ಬೀಗರ ಮನೆಗೆ ಹೊರಟಿದ್ದ ಇನ್ನೊಬ್ಬ ವಿಚಾರ ಮಾಡಿ, ಹೋಗಿ ಆಗಬೇಕಾದ್ದು ಏನೂ ಇಲ್ಲ ಅನ್ನಿಸಿ, ಕ್ಯಾಂಟೀನಿಗೆ ಹೋಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಮನೆಗೆ ವಾಪಸಾದ. ಆದರೆ ಒಬ್ಬಳು ಮುದುಕಿ ಮಾತ್ರ ಕಿಟಕಿಯ ಹತ್ತಿರ ಬಂದು, “ಯಪ್ಪಾ, ನಾ ಸೊಸಿ ಜೋಡಿ ಜಗಳಾಡಾಕ ಹೊಂಟೀನಿ. ಜಲ್ದಿ ಬಸ್ ಬಿಡಸು” ಅಂದಳು. ಮಾವ ಇವತ್ತಿಗೂ ಆ ಮುದುಕಿಯನ್ನು ಕೊಂಡಾಡುತ್ತಾನೆ. ತನ್ನ ಇಡೀ ನೌಕರಿಯಲ್ಲಿ ಎಲ್ಲಿಗೆ, ಯಾಕೆ ಅಂತ ಖಾತ್ರಿಯಾಗಿ ಗೊತ್ತಿದ್ದ ಪ್ರಯಾಣಿಕಳು ಅವಳೊಬ್ಬಳೇ ಅಂತೆ.

ಬಸ್ಸುಗಳು ಅರ್ಧ ಖಾಲಿ ಹೋಗತೊಡಗಿದರೆ ಮೇಲಿನವರು ಸುಮ್ಮನಿರುತ್ತಾರೆಯೇ? ಒಬ್ಬ ಸಾಹೇಬರು ಮಾವನನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿ, ಮೇಜು ಗುದ್ದಿ, ಇದೆಲ್ಲ ಏನು ಹುಚ್ಚಾಟ ಅಂತ ಕೇಳಿದರು. ಮಾವ ಬಹಳ ವಿನಯದಿಂದ ಒಂದು ಪ್ರಶ್ನೆ ಕೇಳಲು ಅಪ್ಪಣೆ ಬೇಡಿದ. ಯಾವ ಪ್ರಶ್ನೆ ಅಂತ ನಿಮಗೀಗ ಗೊತ್ತೇ ಇದೆ. ಸಾಹೇಬರು ಬಹಳ ಹೊತ್ತು ಫ್ಯಾನು ನೋಡಿದರಂತೆ, ಆಮೇಲೆ ಚಹಾ ತರಿಸಿದರಂತೆ, ಆಮೇಲೆ ತಮ್ಮ ತಮ್ಮಂದಿರ ಜೊತೆಗಿನ ಹೊಲದ ತಕರಾರು, ಸಕ್ಕರೆ ಕಾಯಿಲೆ, ಮಗಳು ಫೋನು ಮಾಡದಿರುವುದು ಎಲ್ಲ ಹೇಳಿಕೊಂಡರಂತೆ. ಹೊರಗೆ ಕಾದು ನಿಂತಿದ್ದ ಡ್ರೈವರುಗಳು ಮಾವನಿಗೆ ಬೈಗುಳ ಎಷ್ಟು ಬಿತ್ತು ಅಂತ ಕೇಳಿದರೆ, ಮಾವ ಬಾಯೊರೆಸಿಕೊಂಡು, “ಪಾಪ, ಸಾಹೇಬ್ರಿಗಿ ಯಾರರ ಕೇಳೋರು ಬೇಕಾಗಿತ್ತು” ಅಂದ. ಮೈಕು ಮಾತ್ರ ಅಂದಿನಿಂದ ಬೇರೆಯವರ ಕೈಗೆ ಹೋಯಿತು.

ನಿವೃತ್ತಿಯಾದ ಮೇಲೆ ಮಾವ ಮತ್ತು ಅತ್ತೆ ಮಾನ್ವಿಯಲ್ಲಿ ಮನೆ ಮಾಡಿದರು. ಅವರಿಗೆ ಮಕ್ಕಳಿಲ್ಲ. ರಜೆ ಬಿದ್ದರೆ ಸಾಕು, ನಾವು ಅಕ್ಕತಂಗಿಯರು ರಾಯಚೂರಿನಿಂದ ಓಡಿಹೋಗಿ ಅವರ ಮನೆ ತುಂಬುತ್ತಿದ್ದೆವು. ಅತ್ತೆಯ ಕೈಯ ಬಿಸಿ ರೊಟ್ಟಿ, ಪುಂಡಿಪಲ್ಯೆ, ಅದರ ಮೇಲೆ ಹಸಿ ಶೇಂಗಾ ಎಣ್ಣೆ! ಅತ್ತೆ ಮಾತು ಕಡಿಮೆ. ಮಾವ ದಿನವಿಡೀ ಕಟ್ಟಿದ ತತ್ವಜ್ಞಾನವನ್ನು ಅವಳು ಒಂದೇ ಮಾತಿನಲ್ಲಿ ಬಿಚ್ಚಿ ಒಗೆಯುತ್ತಿದ್ದಳು. ಒಮ್ಮೆ ಎಲ್ಲರೂ ಹೊಳೆದಂಡೆಯ ಗೂಗಲ್ ಅನ್ನುವ ಊರಿಗೆ ಹೋಗಿದ್ದೆವು. ಗುಡಿಯಲ್ಲಿ ಕಾಯಿ ಒಡೆಸಿ ಕೃಷ್ಣೆಯ ದಂಡೆಗೆ ಬಂದು ಕೂತೆವು. ಮಾವ ನೀರನ್ನೇ ನೋಡುತ್ತಾ ನೋಡುತ್ತಾ, ಈ ಹೊಳೆಗೆ ತಾನು ಯಾತರ ಸಲುವಾಗಿ ಹರಿಯುತ್ತಿದ್ದೇನೆ ಅಂತ ಗೊತ್ತಿರಬಹುದೇ ಅಂತ ಗಂಭೀರವಾಗಿ ಕೇಳಿದ. ಅತ್ತೆ ರೊಟ್ಟಿ ಗಂಟು ಬಿಚ್ಚುತ್ತಾ, ತಲೆ ಎತ್ತದೆ ಅಂದಳು: “ಗೊತ್ತಿಲ್ಲ ಅಂತನ ಹರ್ಯಾಕತ್ತದ. ಗೊತ್ತಾಗಿದ್ರ ನಿಮ್ಮಂಗ ಇಲ್ಲೇ ಕುಂತಿರ್ತಿತ್ತು.”

ಮಾನ್ವಿಯಲ್ಲಿ ಮಾವನಿಗೆ ಹೊಸ ಹೊಸ ಗಿರಾಕಿಗಳು ಸಿಕ್ಕರು. ಸುತ್ತ ಭತ್ತದ ಗದ್ದೆ, ಊರ ತುಂಬ ರೈಸ್ ಮಿಲ್ಲು, ತಾಲ್ಲೂಕು ಕಚೇರಿ ಮುಂದೆ ಕೆಲಸವಾಗದೆ ಕೂತ ಜನ; ಪ್ರಶ್ನೆ ಕೇಳುವವನಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೇ? ಒಬ್ಬ ಮಿಲ್ಲಿನ ಮಾಲೀಕರನ್ನು ಹಿಡಿದ. ಮುಂಜಾನೆಯಿಂದ ಸಂಜೆಯವರೆಗೆ ಹೊಟ್ಟಿನ ಧೂಳು ಕುಡಿಯುತ್ತೀರಲ್ಲ, ಯಾತರ ಸಲುವಾಗಿ? ಮಗನ ಸಲುವಾಗಿ ಅಂದರು ಅವರು. ಮಾವ ಅಲ್ಲಿಗೇ ಬಿಡದೆ ಹಿತ್ತಲ ಗೋದಾಮಿಗೆ ಹೋಗಿ ಮಗನನ್ನು ಕೇಳಿದ. ಆ ಹುಡುಗನಿಗೆ ಮಿಲ್ಲಿನಲ್ಲಿ ಎಳ್ಳಷ್ಟೂ ಮನಸ್ಸಿಲ್ಲ. ಅಪ್ಪನ ಸಲುವಾಗಿ ಇದ್ದೇನೆ ಅಂದ. ಮಾವ ಇಬ್ಬರನ್ನೂ ಅಕ್ಕಿ ಚೀಲದ ಮೇಲೆ ಎದುರುಬದುರು ಕೂರಿಸಿ, ಹಾಗಿದ್ದರೆ ಇಬ್ಬರೂ ಒಂದೊಂದು ದಿನ ರಜೆ ತೆಗೆದುಕೊಳ್ಳಿ, ಯಾರಿಗೂ ನಷ್ಟವಿಲ್ಲ ಅಂತ ತೀರ್ಪು ಕೊಟ್ಟ. ಅವರು ನಿಜವಾಗಿಯೂ ರಜೆ ತೆಗೆದುಕೊಂಡರು! ಒಂದೇ ದಿನ ಇಬ್ಬರೂ ತೆಗೆದುಕೊಂಡರು ಅನ್ನುವುದೊಂದೇ ಎಡವಟ್ಟು. ಅಂದು ಭತ್ತ ತಂದವರು ಮುಚ್ಚಿದ ಗೇಟಿನ ಮುಂದೆ ನಿಂತು ಮಾವನ ಹೆಸರು ಹಿಡಿದು ಮಂಗಳಾರತಿ ಎತ್ತಿದರು.

ನನ್ನನ್ನೂ ಬಿಟ್ಟವನಲ್ಲ. ನಾನು ರಾಯಚೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುವವಳು. ಪ್ರಶ್ನೆ ಅಂದರೆ ಅದಕ್ಕೊಂದು ಉತ್ತರ ಇರಬೇಕು, ಉತ್ತರದ ಕೆಳಗೆ ಎರಡು ಗೆರೆ ಎಳೆಯಬೇಕು, ಮುಂದಿನ ಲೆಕ್ಕಕ್ಕೆ ಹೋಗಬೇಕು. ಇದು ನನ್ನ ಜಾಯಮಾನ. ಮಾವ ರಾಯಚೂರಿಗೆ ಬಂದಾಗ ಒಮ್ಮೆ ಪೇಟೆಯ ತೀನ್ ಕಂದೀಲ್ ವೃತ್ತದ ಹತ್ತಿರ ಮಿರ್ಚಿ ತಿನ್ನುತ್ತಾ ಆ ಪ್ರಶ್ನೆಯನ್ನು ನನ್ನ ಕಡೆ ತಿರುಗಿಸಿದ. ಹೊರಗೆ ಬಿಸಿಲು ಧಗಧಗ, ಬಾಯಿಯೊಳಗೆ ಮೆಣಸಿನಕಾಯಿ ಭಗಭಗ, ಕಣ್ಣಲ್ಲಿ ನೀರು. ಆ ಹೊತ್ತಿನಲ್ಲಿ ಯಾತರ ಸಲುವಾಗಿ ಬದುಕಿದ್ದೀ ಅಂದರೆ ಏನು ಹೇಳಲಿ? “ಒಂದು ಗಿಲಾಸು ನೀರಿನ ಸಲುವಾಗಿ ಮಾವಾ” ಅಂದೆ. ಮಾವ ಎದ್ದು ನಿಂತು ಚಪ್ಪಾಳೆ ತಟ್ಟಿದ. ಇಡೀ ಅಂಗಡಿಗೆ ಕೇಳುವ ಹಾಗೆ, ನಮ್ಮ ಅಕ್ಕನ ಮಗಳು ಸುಳ್ಳು ಹೇಳದೆ ಉತ್ತರ ಕೊಟ್ಟಳು ಅಂತ ಸಾರಿದ. ನೀರು ಮಾತ್ರ ಇಬ್ಬರಿಗೂ ನಾನೇ ತಂದೆ.

ಆದರೆ ಮಾವನ ನಿಜವಾದ ರಣರಂಗ ಯಾವುದು ಅಂದರೆ ನೆಂಟರ ಮನೆಯ ಕಾರ್ಯಗಳು. ಮದುವೆ, ಕುಬಸ, ತೊಟ್ಟಿಲು, ಗೃಹಪ್ರವೇಶ, ಯಾವುದೇ ಇರಲಿ. ಜನ ಒಬ್ಬರನ್ನೊಬ್ಬರು ಕಂಡು, ಆರಾಮ ಇದ್ದೀರಾ, ಮಕ್ಕಳೆಷ್ಟು, ಏನು ಓದುತ್ತಾರೆ, ಸೊಸೆ ಹೇಗಿದ್ದಾಳೆ ಅಂತ ಶುರು ಮಾಡುವಷ್ಟರಲ್ಲಿ ಮಾವ ನುಗ್ಗಿ ತನ್ನ ಪ್ರಶ್ನೆ ಎಸೆದುಬಿಡುತ್ತಿದ್ದ. ಹೊಸ ಸೀರೆ ಉಟ್ಟು, ಹೂ ಮುಡಿದು, ಊಟಕ್ಕೆ ಹಸಿದು ಕೂತವರಿಗೆ ಬದುಕಿನ ಅರ್ಥ ಯಾರಿಗೆ ಬೇಕು ಹೇಳಿ? ಮಾವ ಬಂದು ಕೂತ ಸಾಲಿನಲ್ಲಿ ಒಬ್ಬೊಬ್ಬರಾಗಿ ನೀರು ಕುಡಿಯಲು, ಫೋನು ಬಂತೆಂದು, ಮಗು ಅಳುತ್ತಿದೆಯೆಂದು ಎದ್ದು ಹೋಗುತ್ತಿದ್ದರು. ಮಗುವೇ ಇಲ್ಲದವರೂ ಮಗು ಅಳುತ್ತಿದೆ ಅಂತ ಎದ್ದದ್ದುಂಟು! ಕೊನೆಗೆ ಆ ಸಾಲಿನಲ್ಲಿ ಉಳಿಯುವುದು ಮಾವ, ಅತ್ತೆ, ಸುತ್ತ ಖಾಲಿ ಕುರ್ಚಿಗಳು. ಇಂಥ ಗಂಡನನ್ನು ಕಟ್ಟಿಕೊಂಡು ಅತ್ತೆಗೆ ನಾಲ್ಕು ಜನರ ಜೊತೆ ಮಾತೂ ಇಲ್ಲವಾಯಿತಲ್ಲ ಅಂತ ನಾವು ಹೆಂಗಸರು ಒಳಗೆ ಅಡುಗೆಮನೆಯಲ್ಲಿ ಮರುಗುತ್ತಿದ್ದೆವು.

ಹೋದ ತಿಂಗಳು ರಾಯಚೂರಿನ ನಮ್ಮ ಮನೆಯಲ್ಲಿ ತಂಗಿಯ ಕುಬಸ. ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಮಾವನಿಗೆ ಅವತ್ತು ಬಳೆಗಾರ ಸಿಕ್ಕ. ಅವನು ತಂಗಿಯ ಕೈ ಹಿಡಿದು ಬಳೆ ಏರಿಸುತ್ತಿರುವಾಗಲೇ ಮಾವ ಪ್ರಶ್ನೆ ಕೇಳಿದ. ಬಳೆಗಾರ ವಿಚಾರಕ್ಕೆ ಬಿದ್ದ, ಬಳೆ ಒಡೆಯಿತು, ಶುಭ ಕಾರ್ಯದಲ್ಲಿ ಇದೇನು ಅಪಶಕುನ ಅಂತ ಬೀಗತಿ ಮುಖ ಊದಿಸಿದಳು, ಅಮ್ಮನ ರಕ್ತದೊತ್ತಡ ಏರಿತು. ಮಾವ ಅಷ್ಟಕ್ಕೆ ನಿಲ್ಲಿಸಿದನೇ? ಫೋಟೋ ತೆಗೆಯುವವನನ್ನು ಕೇಳಿದ, ಬಡಿಸುವವರನ್ನು ಕೇಳಿದ, ಬೀಗರ ಕಾರಿನ ಡ್ರೈವರನ್ನು ಕೇಳಿದ. ಅತ್ತೆ ಖಾಲಿ ಕುರ್ಚಿಗಳ ನಡುವೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. 

ಅದಾಗಿ ಒಂದು ವಾರಕ್ಕೆ ಸಿಡಿಲು ಬಡಿಯಿತು. ಮಾನ್ವಿಯಲ್ಲಿ ಮಧ್ಯಾಹ್ನ ಅತ್ತೆ ಮಾವನಿಗೆ ಬಡಿಸಿ, ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಕೇಳಿದ್ದಾಳೆ. ಜಗತ್ತಿನ ಯಾವ ಗಂಡನಾದರೂ ಏನು ಹೇಳುತ್ತಾನೆ? ಸರಿ ಅನ್ನುತ್ತಾನೆ, ಇಲ್ಲವೇ ಕಡಿಮೆ ಅನ್ನುತ್ತಾನೆ. ನಮ್ಮ ಮಾವ ತುತ್ತನ್ನು ಕೈಯಲ್ಲೇ ಹಿಡಿದು, “ಸರಿ ಅಂದ್ರ ಏನು?” ಅಂದಿದ್ದಾನೆ! ಅತ್ತೆ ಸೌಟನ್ನು ಮೆಲ್ಲಗೆ ಕೆಳಗಿಟ್ಟು, ಕೈ ತೊಳೆದು, ಚೀಲಕ್ಕೆ ಎರಡು ಸೀರೆ ಹಾಕಿಕೊಂಡು, ಬಸ್ ಸ್ಟ್ಯಾಂಡಿಗೆ ನಡೆದು, ದೇವದುರ್ಗದ ಬಸ್ಸು ಹತ್ತಿ ತಮ್ಮನ ಮನೆ ಸೇರಿದಳು. ಮಾವ ಅವಳು ಸಂತೆಗೆ ಹೋಗಿದ್ದಾಳೆ ಅಂದುಕೊಂಡಿದ್ದ. ಸಂಜೆಯಾದರೂ ಚಹಾ ಬಾರದಿದ್ದಾಗ, ಚಹಾ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆ ಅವನಲ್ಲಿ ಮೂಡಿತು. ಅವನು ಜೀವನದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಅಂತ ಅಮ್ಮ ಅನ್ನುತ್ತಾಳೆ.

ಮೊದಲು ನಮಗೆಲ್ಲ ನಗು. ಮುನಿಸು ತಾನೇ, ನಾಳೆ ಬರುತ್ತಾಳೆ, ನಾಡಿದ್ದು ಬರುತ್ತಾಳೆ. ಬರಲಿಲ್ಲ. ಮಾವನ ಫೋನು ಎತ್ತಲಿಲ್ಲ. ಅಮ್ಮ ಮಾಡಿದಾಗ ಎತ್ತಿ, ಇನ್ನು ಮಾನ್ವಿಗೆ ಬರುವುದಿಲ್ಲ, ತಮ್ಮನ ಮನೆಯಲ್ಲೇ ಇರುತ್ತೇನೆ, ಅವನೂ ಆಗಲಿ ಅಂದಿದ್ದಾನೆ ಅಂತ ತಣ್ಣಗೆ ಹೇಳಿದಳು. ಅತ್ತೆಯ ಬಾಯಿಂದ ಹೀಗೊಂದು ಮಾತು ಬಂದರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಇಷ್ಟು ವರ್ಷ ಸಂಸಾರ ಮಾಡಿ ಈ ವಯಸ್ಸಿನಲ್ಲಿ ಒಬ್ಬರು ಒಂದು ಊರು, ಇನ್ನೊಬ್ಬರು ಇನ್ನೊಂದು ಊರಾಗುವುದೇ? ಅಮ್ಮ ಅತ್ತಳು.  ಭಾನುವಾರ ಬೆಳಿಗ್ಗೆ ಅಮ್ಮ ನನ್ನನ್ನು ಮಾನ್ವಿಯ ಬಸ್ಸಿಗೆ ಹತ್ತಿಸಿ, ಮಾವನನ್ನು ದೇವದುರ್ಗಕ್ಕೆ ಕರೆದೊಯ್ದು ಅತ್ತೆಯನ್ನು ಒಪ್ಪಿಸಿಕೊಂಡು ಬಾ, ಇಲ್ಲದಿದ್ದರೆ ನೀನೂ ಬರಬೇಡ ಅಂದಳು. ಗಣಿತದ ಮೇಡಂ ನಾನು, ಕೂಡಿಸುವ ಲೆಕ್ಕ ನನ್ನ ಪಾಲಿಗೇ ಬಂತು!

ಮಾನ್ವಿಯ ಮನೆಯ ಬಾಗಿಲು ತೆರೆದೇ ಇತ್ತು. ಮಾವ ಅಡುಗೆಮನೆಯ ನಡುವೆ ನಿಂತಿದ್ದ. ಸುತ್ತ ಎಲ್ಲ ಡಬ್ಬಿಗಳ ಮುಚ್ಚಳ ತೆಗೆದಿಟ್ಟಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಒಂದಕ್ಕೊಂದು ತಪ್ಪಿತ್ತು. ಬಾಗಿಲಲ್ಲಿ ನನ್ನನ್ನು ಕಂಡವನೇ, “ಯವ್ವಾ, ಬದುಕಿನ ಅರ್ಥನರ ಸಿಕ್ಕೀತು, ಈ ಮನ್ಯಾಗ ಸಕ್ರಿ ಡಬ್ಬಿ ಸಿಗವಲ್ದು ನೋಡು” ಅಂದ. ನನಗೆ ನಗು ಬಂತು. ಆದರೆ ಅವನು ನಗಲಿಲ್ಲ. ಸಕ್ಕರೆ ಡಬ್ಬಿ ಅವನ ಕೈಯಲ್ಲೇ ಇತ್ತು. ನಾನೇ ಚಹಾ ಮಾಡಿಕೊಟ್ಟು, ಗಡ್ಡ ಮಾಡಿಸಿ, ಗುಂಡಿ ಬಿಚ್ಚಿ ಮತ್ತೆ ಹಾಕಿಸಿ, ಮದುಮಗನ ಹಾಗೆ ತಯಾರು ಮಾಡಿ ಹೊರಡಿಸಿದೆ.

ಹೊರಡುವ ಮೊದಲು ಅವನಿಂದ ಒಂದು ಆಣೆ ಮಾಡಿಸಿಕೊಂಡೆ: ಅತ್ತೆ ಮನೆಗೆ ಬರುವವರೆಗೆ ಯಾರಿಗೂ, ಯಾವ ಕಾರಣಕ್ಕೂ, ಯಾವ ಪ್ರಶ್ನೆಯನ್ನೂ ಕೇಳಕೂಡದು. ಮಾವ ಒಪ್ಪಿದ. ಅಬ್ಬಾ, ಆ ಬಸ್ ಪ್ರಯಾಣ! ಕಾಲುವೆ ನೀರುಂಡು ಹಸಿರಾಗಿ ನಿಂತ ಗದ್ದೆಗಳು ಎರಡೂ ಕಡೆ ಓಡುತ್ತಿದ್ದವು. ಅವುಗಳ ನಡುವೆ ನಮ್ಮ ಮಾವ ತುಟಿ ಬಿಗಿಹಿಡಿದು, ತುಂಬಿದ ಕೊಡ ಹೊತ್ತವನ ಹಾಗೆ ಕೂತಿದ್ದ. ಪಕ್ಕದ ಸೀಟಿನವರೊಬ್ಬರು ತಾವಾಗಿಯೇ, ಈ ಜೀವನದಲ್ಲಿ ಏನಿದೆ ಹೇಳಿ ಅಂತ ಮಾತು ತೆಗೆದರು. ಇಂಥ ಗಿರಾಕಿ ಮಾವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ! ಅವನ ಕಣ್ಣು ಅರಳಿತು, ಬಾಯಿ ತೆರೆಯಿತು, ನನ್ನ ಕಡೆ ನೋಡಿದ, ಬಾಯಿ ಮುಚ್ಚಿತು. ಆ ಮನುಷ್ಯ ದಾರಿಯುದ್ದಕ್ಕೂ ತನ್ನ ಬದುಕಿನ ವ್ಯರ್ಥತೆಯನ್ನು ಬಣ್ಣಿಸಿದ. ಮಾವ ದೇವದುರ್ಗ ಬರುವವರೆಗೆ ತೊಡೆ ಹಿಸುಕಿಕೊಂಡ. ಇಳಿದ ಮೇಲೆ, ಇಷ್ಟು ಕಷ್ಟದ ಪ್ರಯಾಣ ತಾನು ಇಡೀ ನೌಕರಿಯಲ್ಲಿ ಕಂಡಿಲ್ಲ ಅಂದ. ಆಮೇಲೆ ದನಿ ತಗ್ಗಿಸಿ, “ಬರ್ತಾಳಂತೀಯೇನವ್ವಾ?” ಅಂದ. ಆಣೆ ಮುರಿದೆ ಅಂತ ನಾನು ಗದರಿಸಲಿಲ್ಲ.

ಅತ್ತೆಯ ತಮ್ಮನ ಮನೆ ಪೇಟೆಯ ಒಂದು ಓಣಿಯಲ್ಲಿ. ಅವರು ಬಾಗಿಲಲ್ಲೇ ನಮ್ಮನ್ನು ಬರಮಾಡಿಕೊಂಡು, ಕಾಲಿಗೆ ನೀರು ಕೊಟ್ಟು, ಪಡಸಾಲೆಯಲ್ಲಿ ಚಾಪೆ ಹಾಸಿದರು. ಅತ್ತೆ ಹೊರಗೆ ಬಂದಳು. ನನ್ನ ಗದ್ದ ಹಿಡಿದು, ಸೊರಗಿದ್ದೀಯಲ್ಲ ಅಂದಳು. ಮಾವನ ಕಡೆ ನೋಡಲಿಲ್ಲ. ಬಾಗಿಲ ಕಂಬಕ್ಕೆ ಒರಗಿ ಕೂತಳು. ನಾನು ತಯಾರಿ ಮಾಡಿಕೊಂಡು ಬಂದಿದ್ದ ಮಾತೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಮಾವ ತಪ್ಪು ಒಪ್ಪಿಕೊಂಡಿದ್ದಾನೆ, ಸಾರು ಕುಡಿದು ಸುಮ್ಮನಿರುತ್ತಾನೆ, ಒಂದು ಉಪ್ಪಿನ ಮಾತಿಗೆ ಇಷ್ಟು ದೊಡ್ಡ ಸಿಟ್ಟೇ ಅಂದೆ.

“ಉಪ್ಪಿನ ಮಾತಿಗಿ ಬಂದೀನಿ ಅಂತ ತಿಳಕೊಂಡೀಯೇನವ್ವಾ?” ಅಂದಳು ಅತ್ತೆ. ಆಮೇಲೆ ಮೊದಲ ಸಲ ಮಾವನ ಕಡೆ ತಿರುಗಿದಳು. “ಊರ ಮಂದಿಗೆಲ್ಲ ಕೇಳಿದ್ರಿ. ಸಾಹೇಬ್ರಿಗಿ ಕೇಳಿದ್ರಿ, ಬಳಿಗಾರಗ ಕೇಳಿದ್ರಿ, ಮೊನ್ನಿ ಕಾರು ಹೊಡಿಯಾಂವಗೂ ಕೇಳಿದ್ರಿ. ಬಾಜೂಕ ನಾ ಕುಂತಿದ್ದೆ. ಇಷ್ಟು ವರ್ಷದಾಗ ನನಗ ಒಮ್ಮೆರ ಕೇಳೀರೇನು? ಮಕ್ಕಳಿಲ್ಲದಾಕಿ, ಇಕಿ ಬದುಕಿಗಿ ಏನು ಅರ್ಥ ಇರ್ತದ, ಇಕಿಗೇನು ಕೇಳೋದು ಅಂತ ಬಿಟ್ರೇನು?”

 ನಾನು ಮಾವನ ಮುಖ ನೋಡಿದೆ. ಯಾವ ಮಾತಿಗೂ ಮರುಮಾತು ಇಟ್ಟುಕೊಂಡಿರುವ ಮನುಷ್ಯ ಚಾಪೆಯ ಅಂಚನ್ನು ಬೆರಳಿಂದ ಎಳೆಯುತ್ತಾ ಕೂತಿದ್ದ. ಅತ್ತೆಯ ತಮ್ಮ ಕೆಮ್ಮಿದರು. ಮಾವ ತಲೆ ಎತ್ತದೆ ಅಂದ: “ನಿನಗ ಕೇಳೋರು ಬ್ಯಾರೆ ಮಂದಿ ಭಾಳ ಇದ್ರು. ಅವರ ಜೋಡಿ ನಾನೂ ಕೇಳಬೇಕಾಗಿತ್ತೇನು?”

ಆಮೇಲೆ ಅವನು ನಿಧಾನಕ್ಕೆ ಹೇಳಿದ. ಮದುವೆಯಾಗಿ ಕೆಲವು ವರ್ಷಗಳಾಗಿದ್ದವಂತೆ. ನೆಂಟರೊಬ್ಬರ ಮನೆಯಲ್ಲಿ ತೊಟ್ಟಿಲ ಕಾರ್ಯ. ಕೂಸನ್ನು ಎತ್ತಿಕೊಳ್ಳಲು ಅತ್ತೆ ಕೈ ಚಾಚಿದಾಗ ಒಬ್ಬಾಕೆ ಕೂಸನ್ನು ಆಚೆ ಸರಿಸಿ, ನಾಲ್ಕು ಜನರ ನಡುವೆ, ಮಕ್ಕಳಿಲ್ಲ ಮರಿಯಿಲ್ಲ, ಯಾತರ ಸಲುವಾಗಿ ಬದುಕಿದ್ದೀಯವ್ವಾ ಅಂತ ಕೇಳಿದಳಂತೆ. ನೀರಮಾನ್ವಿ ಎಲ್ಲಮ್ಮನಿಗೆ ಹರಕೆ ಹೊತ್ತೆಯಾ, ಆ ಡಾಕ್ಟರಿಗೆ ತೋರಿಸಿದೆಯಾ ಅಂತ ಉಳಿದವರೂ ಸೇರಿಕೊಂಡರಂತೆ. ಅತ್ತೆ ಎಲೆಯ ಮುಂದಿನಿಂದ ಉಣ್ಣದೆ ಎದ್ದು ಬಂದಳಂತೆ. 

“ಮುಂದಿನ ಕಾರ್ಯದಾಗ ಆಕಿ ಮತ್ತ ನಿನ್ನ ಕಡೀಗಿ ಬರಾಕತ್ತಿದ್ಲು” ಅಂದ ಮಾವ. “ಆಕಿ ಬಾಯಿ ತೆರಿಯೂದರೊಳಗ ನಾನ ಆಕಿಗಿ ಕೇಳಿಬಿಟ್ಟೆ, ನೀವು ಯಾತರ ಸಲುವಾಗಿ ಬದುಕಾಕತ್ತೀರಿ ಅಂತ. ನಾಕು ಮಕ್ಕಳ ತಾಯಿ, ಉತ್ತರ ಬರಲಿಲ್ಲ ಆಕಿಗಿ. ಎದ್ದು ಹೋದ್ಲು. ಅವತ್ತು ನೀ ಹೊಟ್ಟಿ ತುಂಬ ಉಂಡಿ. ಅದಕ್ಕ ಎಲ್ಲಾರಿಗೂ ಕೇಳಾಕ ಹತ್ತಿದೆ.” ಕಳ್ಳ ಸಿಕ್ಕಿಬಿದ್ದ ಹಾಗೆ ಸೇರಿಸಿದ: “ಆಮ್ಯಾಲೆ ಅದು ಚಟ ಆತು, ಖರೆ. ಮಂದಿ ಏನೇನರ ಹೇಳ್ತಿದ್ರು, ಕೇಳಾಕ ಛಲೋ ಅನಸ್ತಿತ್ತು.”

 ಅತ್ತೆಯನ್ನು ಎಲ್ಲರಿಂದ ದೂರ ಮಾಡಿದ ಅಂತ ನಾವು ಅಡುಗೆಮನೆಯಲ್ಲಿ ಯಾರನ್ನು ಬೈದಿದ್ದೆವೋ ಅವನು, ಆ ಒಂದು ಮಾತು ಅವಳ ಕಿವಿಗೆ ಇನ್ನೊಮ್ಮೆ ಬೀಳದಿರಲಿ ಅಂತ ಊರ ಕಣ್ಣಿಗೆ ಹುಚ್ಚನಾಗಿದ್ದ. ನೆಂಟರು ನಕ್ಕರು, ಸಾಹೇಬರು ಮೈಕು ಕಿತ್ತುಕೊಂಡರು, ಬೀಗರು ಮುಖ ತಿರುಗಿಸಿದರು. ಅವನು ಯಾರಿಗೂ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಹೇಳಿದರೆ ಆ ದಿನವನ್ನು ಅವಳಿಗೆ ಮತ್ತೆ ನೆನಪಿಸಿದ ಹಾಗಾಗುತ್ತದೆ ಅಂತ ಸುಮ್ಮನಿದ್ದನಂತೆ. ಅತ್ತೆಯೋ, ನನ್ನನ್ನು ಇವರು ಲೆಕ್ಕಕ್ಕೇ ಹಿಡಿದಿಲ್ಲ ಅಂತ ಒಳಗೊಳಗೇ ನೊಂದಿದ್ದಳು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕಂಬ ಬಿಟ್ಟು ಬಂದು ಚಾಪೆಯ ಮೇಲೆ ಮಾವನ ಎದುರು ಕೂತಳು.

“ಈಗ ಕೇಳ್ರಿ” ಅಂದಳು.

“ಬ್ಯಾಡ ಬಿಡು.”

“ಕೇಳ್ರಿ ಅಂದೆ.”

ಇಡೀ ಬಸ್ ಸ್ಟ್ಯಾಂಡಿಗೆ ಮೈಕಿನಲ್ಲಿ ಕೇಳಿದವನು, ಮಿಲ್ಲಿನ ಗದ್ದಲದಲ್ಲಿ ಕೂಗಿ ಕೇಳಿದವನು, ಅವತ್ತು ತನ್ನ ಹೆಂಡತಿಗೆ ಅದೇ ಪ್ರಶ್ನೆಯನ್ನು ಕೇಳಲು ಪಟ್ಟ ಪಾಡು ನೋಡಬೇಕಿತ್ತು. ಪಕ್ಕದಲ್ಲಿದ್ದ ನನಗೂ ಅರ್ಧ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು. ಅವಳು ಅವಸರ ಮಾಡಲಿಲ್ಲ. ಓಣಿಯಲ್ಲಿ ಯಾರೋ ಬೈಕು ನಿಲ್ಲಿಸಿದರು, ಒಳಗೆ ಕುಕ್ಕರು ಕೂಗಿತು, ತಮ್ಮನ ಹೆಂಡತಿ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. 

“ನನಗೂ ಗೊತ್ತಿಲ್ರಿ” ಅಂದಳು ಅತ್ತೆ. “ಮನಿಗಿ ನಡೀರಿ, ಇಬ್ರೂ ಕೂಡಿ ವಿಚಾರ ಮಾಡೋಣು.”

ಮಾವ ಏಳಲು ಹೋದ. ಕಾಲು ಜೋಮು ಹಿಡಿದಿತ್ತೋ, ಕಣ್ಣು ಮಂಜಾಗಿತ್ತೋ, ಏಳಲಾಗದೆ ಮತ್ತೆ ಕೂತುಬಿಟ್ಟ. ಗಂಡನ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳಲೂ ನಾಚುತ್ತಿದ್ದ ನಮ್ಮ ಅತ್ತೆ, ನಾವೆಲ್ಲ ನೋಡುತ್ತಿರುವಾಗಲೇ, ಅವನ ಕಡೆ ಕೈ ಚಾಚಿದಳು.